ನಾವೇ ಖಾಲಿ ಮಾಡಿದ ಕೋಣೆ

ನನ್ನ ಹಿರಿಮಗಳು ಎರ್ಮೆಲಿಂದಾ ಸತ್ತದ್ದು ಆಸ್ಪತ್ರೆಯಲ್ಲಲ್ಲ. ಆಸ್ಪತ್ರೆಯವರು ಇನ್ನು ಮನೆಗೆ ಹೋಗಬಹುದು ಎಂದ ಮೇಲೆ, ದಾರಿಯಲ್ಲಿ, ನನ್ನ ತಮ್ಮನ ಮಗನ ಕಾರಿನ ಹಿಂದಿನ ಸೀಟಿನಲ್ಲಿ. ಆಸ್ಪತ್ರೆಯವರ ತಪ್ಪೇನೂ ಇಲ್ಲ ಎಂದು ಆಮೇಲೆ ನಮಗೆ ವಿವರಿಸಿದರು. ಅವರು ಕೇಳಬೇಕಾದದ್ದನ್ನೆಲ್ಲ ಕೇಳಿದ್ದರು. ಅವಳು ಎಲ್ಲಕ್ಕೂ ಉತ್ತರ ಕೊಟ್ಟಿದ್ದಳು. ನೋವಿದೆಯೇ? ಸೀ. ಕಡಿಮೆಯಾಯಿತೇ? ಸೀ. ಮನೆಗೆ ಹೋಗುತ್ತೀಯಾ? ಸೀ.

ಸೀ ಎಂದರೆ ಸ್ಪ್ಯಾನಿಷ್‌ನಲ್ಲಿ ಹೌದು. ನಮ್ಮ ಹೆಂಗಸರಿಗೆ ಆ ಭಾಷೆಯಲ್ಲಿ ಬರುವ ಮಾತು ಬಹುಮಟ್ಟಿಗೆ ಅದೊಂದೇ. ಮೇಸ್ತ್ರಿ ಕೇಳಿದರೂ ಸೀ, ಪಾದ್ರಿ ಕೇಳಿದರೂ ಸೀ. ದೊಡ್ಡವರು ಕೇಳಿದ್ದಕ್ಕೆ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಫೋನಿನಲ್ಲಿದ್ದ ದುಭಾಷಿ ಡಾಕ್ಟರ ಇಂಗ್ಲಿಷನ್ನು ಸ್ಪ್ಯಾನಿಷ್ ಮಾಡಿದ. ಆ ಸ್ಪ್ಯಾನಿಷನ್ನು ನಮ್ಮ ಮಿಶ್ತೆಕೊ ಭಾಷೆಗೆ ತಿರುಗಿಸುವವರು ಯಾರೂ ಇರಲಿಲ್ಲ. ಮೆಕ್ಸಿಕೋದಿಂದ ಬಂದವರಿಗೆಲ್ಲ ಸ್ಪ್ಯಾನಿಷ್ ಬರುತ್ತದೆ ಎಂದು ಇಲ್ಲಿ ಅಮೆರಿಕದವರ ನಂಬಿಕೆ. ಮೆಕ್ಸಿಕೋದವರ ನಂಬಿಕೆಯೂ ಅದೇ.

ನಾನು ದೇವರನ್ನು ನಂಬಿದವನು. ಒಂಬತ್ತು ರಾತ್ರಿ ಜಪಸರ ಹಿಡಿದೆ. ನಮ್ಮ ಕ್ರಮದಂತೆ ಮನೆಯ ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ ಶಿಲುಬೆಯನ್ನು ಒಂಬತ್ತನೆಯ ದಿನ ಗುಡಿಸಿ ಎತ್ತಿದೆವು. ಸುಣ್ಣವನ್ನು ಗೋರಿಗೆ ಸುರಿದು ಬಂದು ಕೈ ತೊಳೆಯುವಾಗ ಕಿರಿಮಗಳು ಒತೀಲಿಯಾ ಹೇಳಿದಳು:

"ಅಪ್ಪಾ, ದೇವರಿಗೆ ನಮ್ಮ ಮಾತು ಬರುತ್ತೆ. ಅವನಿಗೆ ದುಭಾಷಿ ಬೇಡ. ಆಸ್ಪತ್ರೆಗೆ ಬೇಕು. ನಾನು ಕಾಲೇಜಿಗೆ ಹೋಗ್ತೀನಿ."

"ಹೋಗು. ಹೊಲಕ್ಕೆ ಯಾರು ಹೋಗ್ತಾರೆ?"

"ಅದಕ್ಕೂ ನಾನೇ ಹೋಗ್ತೀನಿ."

ಒತೀಲಿಯಾ ಚಿಕ್ಕವಳಿರುವಾಗಲೇ ಇಲ್ಲಿಗೆ ಬಂದವಳು. ಇಲ್ಲಿನ ಶಾಲೆಯಲ್ಲಿ ಓದಿದ್ದಾಳೆ, ಇಂಗ್ಲಿಷ್ ಬರುತ್ತದೆ. ಚಿಕ್ಕಂದಿನಲ್ಲಿ ಬಂದವರಿಗೆ ಕೊಡುವ ಕೆಲಸದ ಪರವಾನಗಿಯೂ ಅವಳಿಗೆ ಸಿಕ್ಕಿತ್ತು. ನನಗೆ ಅಂಥದ್ದೇನೂ ಇಲ್ಲ. ಈ ಲೋಮಾ ಸೆಕಾ ಊರಿನಲ್ಲಿ ನಮ್ಮ ಯುಕುಂಡೋ ಹಳ್ಳಿಯವರೇ ನೂರಾರು ಮಂದಿ ಇದ್ದೇವೆ. ಹೆಚ್ಚಿನವರ ಬಳಿ ಯಾವ ಕಾಗದವೂ ಇಲ್ಲ. ಎಲ್ಲರೂ ಸ್ಟ್ರಾಬೆರಿ ಕೀಳುವವರು.

ಸ್ಟ್ರಾಬೆರಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಕೀಳುವವನು ಸೊಂಟದಲ್ಲಿ ಎರಡಾಗಿ ಮಡಿಸಿಕೊಳ್ಳಬೇಕು. ಬೆಳಿಗ್ಗೆ ಮಡಿಸಿಕೊಂಡದ್ದನ್ನು ಸಂಜೆ ಬಿಚ್ಚಿಕೊಳ್ಳಬೇಕು. ನನಗೆ ಈಗ ಪೂರ್ತಿ ಬಿಚ್ಚಿಕೊಳ್ಳಲು ಆಗುವುದಿಲ್ಲ. ಒತೀಲಿಯಾ ಬೆಳಗಿನ ಮಂಜಿನಲ್ಲಿ ಮಡಿಸಿಕೊಂಡು, ಸಂಜೆ ಬಿಚ್ಚಿಕೊಂಡು, ಕಾರಿನಲ್ಲಿ ಎರಡು ತೊರ್ತಿಯಾ ರೊಟ್ಟಿ ತಿಂದು, ಆರು ಗಂಟೆಗೆ ಕಾಲೇಜಿನ ಹದಿನಾಲ್ಕನೇ ಕೋಣೆಯಲ್ಲಿ ಕೂರುತ್ತಿದ್ದಳು. ಆಸ್ಪತ್ರೆ ದುಭಾಷಿಗಳ ತರಗತಿ ಅದು. ಅವಳೂ ಸೇರಿ ಅಂಥವರು ಹನ್ನೊಂದು ಮಂದಿ ಇದ್ದರು, ಎಲ್ಲರೂ ಹೊಲದಿಂದ ನೇರ ಬರುವವರು. ಬೆರಳಿನ ತುದಿಯೆಲ್ಲ ಕೆಂಪು, ಬೂಟಿನ ತುಂಬ ಕೆಸರು.

ಕೋಣೆಯಲ್ಲಿ ಹಾಸುಗಂಬಳಿ ಇತ್ತು. ವಲಸೆ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳಲು ಕಾಲೇಜಿನಲ್ಲಿ ರೂಬೆನ್ ಎಂಬ ಒಬ್ಬ ಸಹಾಯಕನಿದ್ದ, ಅವನೂ ಮೆಕ್ಸಿಕೋದವನೇ, ಆದರೆ ನಗರದವನು. ಅವನು ಬಾಗಿಲ ಬಳಿ ಒಂದು ಡಬ್ಬಿ ತುಂಬ ನೀಲಿ ಪ್ಲಾಸ್ಟಿಕ್ ಚೀಲ ಇಟ್ಟ. ಹದಿನಾಲ್ಕನೇ ಕೋಣೆಯವರು ಬೂಟಿಗೆ ಅದನ್ನು ಹಾಕಿಕೊಂಡು ಒಳಗೆ ಹೋಗಬೇಕು. ಬೇರೆ ಯಾವ ಕೋಣೆಯ ಬಾಗಿಲಲ್ಲೂ ಆ ಡಬ್ಬಿ ಇರಲಿಲ್ಲ.

"ಏನಮ್ಮ ವಹಾಕೀತಾ, ಕಾಲಿಗೆ ಟೋಪಿ ಹಾಕ್ಕೊಂಡ್ಯಾ?" ಎಂದು ರೂಬೆನ್ ನಗುತ್ತಿದ್ದನಂತೆ. ವಹಾಕಾ ನಮ್ಮ ಸೀಮೆಯ ಹೆಸರು. ವಹಾಕೀತಾ ಎಂದರೆ ಆ ಸೀಮೆಯ ಕುಳ್ಳಿ, ಕಪ್ಪಿ, ದಡ್ಡಿ. ಮೂರನ್ನೂ ಒಂದೇ ಮಾತಿನಲ್ಲಿ ಹೇಳುವ ಅನುಕೂಲ ಅವರ ಭಾಷೆಯಲ್ಲಿದೆ.

"ನೀನೇನಂದೆ?" ಎಂದು ನಾನು ಕೇಳಿದೆ.

"ಏನೂ ಅನ್ನಲಿಲ್ಲ. ಎರಡೆರಡು ಹಾಕ್ಕೊಂಡೆ. ಒಂದು ಹರಿದುಹೋಗುತ್ತೆ."

ತರಗತಿಯ ಟೀಚರು ನೊಏಮಿ, ಎಲ್ ಸಾಲ್ವಾಡೋರಿನಿಂದ ಬಂದವರು. ಗಂಟೆಯ ಲೆಕ್ಕದ ಸಂಬಳ. ಅವರಿಗೆ ಕಾಲೇಜಿನಲ್ಲಿ ಕೂರಲು ಜಾಗ ಇರಲಿಲ್ಲ, ಪುಸ್ತಕವೆಲ್ಲ ಕಾರಿನಲ್ಲಿ ಇಟ್ಟುಕೊಂಡಿದ್ದರು. ಅವರು ಹೇಳಿಕೊಟ್ಟ ಮೊದಲ ಪಾಠವನ್ನು ಒತೀಲಿಯಾ ಮನೆಯಲ್ಲಿ ರೊಟ್ಟಿ ತಟ್ಟುತ್ತಾ ನನಗೆ ಒಪ್ಪಿಸಿದಳು. ದುಭಾಷಿ ಏನನ್ನೂ ಕೂಡಿಸಬಾರದು. ಏನನ್ನೂ ಬಿಡಬಾರದು. ಬೈದರೆ ಬೈಗುಳವನ್ನೂ ಹೇಳಬೇಕು. ಆಡಿದವರು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು.

ಹೀಗೆ ಒಂದೂವರೆ ವರ್ಷ ನಡೆಯಿತು. ಇನ್ನೊಂದು ಅವಧಿ ಉಳಿದಿತ್ತು. ಅದು ಮುಗಿದರೆ ಅರ್ಹತಾ ಪತ್ರ. ಅದನ್ನು ತಂದ ದಿನವೇ ಕೆಲಸ ಕೊಡುತ್ತೇವೆ ಎಂದು ಎರ್ಮೆಲಿಂದಾಳನ್ನು ಮನೆಗೆ ಕಳಿಸಿದ ಆಸ್ಪತ್ರೆಯವರೇ ಒತೀಲಿಯಾಗೆ ಹೇಳಿದ್ದರು. ನನಗೆ ಇದೊಂದು ಸಮಾಧಾನವಾಗಿತ್ತು. ಆ ಆಸ್ಪತ್ರೆಯ ಕುರ್ಚಿಯಲ್ಲಿ ಮತ್ತೆ ನಮ್ಮವರು ಯಾರಾದರೂ ಕೂತಾಗ ಪಕ್ಕದಲ್ಲಿ ನನ್ನ ಮಗಳು ನಿಂತಿರುತ್ತಾಳೆ ಎಂದು ಪ್ರತಿ ರಾತ್ರಿ ಪ್ರಾರ್ಥನೆಯಲ್ಲಿ ಹೇಳಿಕೊಳ್ಳುತ್ತಿದ್ದೆ.

ಆಗ ಕಾಲೇಜಿನವರು ನಮ್ಮನ್ನು ಕೆಲಸಕ್ಕೆ ಕರೆದರು.

ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ರೂಬೆನ್ ನಿಂತು ಸ್ಪ್ಯಾನಿಷ್‌ನಲ್ಲಿ ಸಾರಿದ, ಬಲ್ಲವರು ನಮಗೆ ತಿರುಗಿಸಿ ಹೇಳಿದರು. "ವಲಸೆ ವಿದ್ಯಾರ್ಥಿಗಳಿಗೆ ಬೆಂಬಲ ಕೊಡೋಕೆ ಕಾಲೇಜು ಒಂದು ಹೊಸ ಕೇಂದ್ರ ತೆರೀತಾ ಇದೆ. ಇದು ನಿಮ್ಮದೇ ಕೇಂದ್ರ. ಶನಿವಾರ ಕೋಣೆ ಸಿದ್ಧ ಮಾಡಬೇಕು. ಕೈ ಜೋಡಿಸೋರು ಬನ್ನಿ."

ಹತ್ತು ಮಂದಿ ಬರಬಹುದು ಎಂದು ಅವನು ಅಂದುಕೊಂಡಿದ್ದನಂತೆ. ಅವನಿಗೆ ನಮ್ಮ ತೆಕಿಯೊ ಗೊತ್ತಿರಲಿಲ್ಲ.

ಯುಕುಂಡೋದಲ್ಲಿ ಗಂಟೆ ಬಾರಿಸಿ ಕರೆದರೆ ಮನೆಗೊಬ್ಬರು ಬರಲೇಬೇಕು. ರಸ್ತೆಯಾಗಲಿ, ಕೆರೆಯಾಗಲಿ, ಸಂತ ಹೆರೋನಿಮೊನ ಗುಡಿಯ ಮಾಡಾಗಲಿ, ಊರಿನದೆಲ್ಲ ಹಾಗೆಯೇ ಎದ್ದದ್ದು. ಕೂಲಿ ಇಲ್ಲ. ಆದರೆ ಅದು ಬಿಟ್ಟಿಚಾಕರಿಯಲ್ಲ. ಕರೆದ ಯಜಮಾನ ಮೊದಲು ತಾನೇ ಗುದ್ದಲಿ ಹಿಡಿಯಬೇಕು. ಕೆಲಸ ಮಾಡಿದವನಿಗೆ ಊರ ಸಭೆಯಲ್ಲಿ ಮಾತಾಡುವ ಹಕ್ಕು. ಮಾಡದವನು ಬಾಯಿ ಮುಚ್ಚಿಕೊಂಡಿರಬೇಕು. ಅದಕ್ಕೇ ತೆಕಿಯೊ ಎನ್ನುವುದು.

ಬ್ರಾಉಲಿಯಾ ಅಂದೇ ಮನೆಮನೆಗೆ ಹೋಗಿ ಸಾರಿದಳು. ನನ್ನ ವಾರಗೆಯವಳು, ಯುಕುಂಡೋದಲ್ಲಿ ನಮ್ಮ ಪಕ್ಕದ ಮನೆಯವಳು. ಅವಳ ಗಂಟಲು ಗಂಟೆಗಿಂತ ಚೆನ್ನಾಗಿ ಕೇಳುತ್ತದೆ. "ಕಾಲೇಜಿನವ್ರು ತೆಕಿಯೊ ಕರ್ದಿದಾರೆ! ಮನೆಗೊಬ್ರು! ಬರದಿದ್ರೆ ನಿನ್ ಮೊಮ್ಮಗಳ ಮದ್ವೇಲಿ ಹಾಡೋಕೆ ನನ್ನ ಕರೀಬೇಡ!"

ಶನಿವಾರ ಅರವತ್ತು ಎಪ್ಪತ್ತು ಮಂದಿ ಹೋದೆವು. ಹಣ್ಣಿನ ಸುಗ್ಗಿ, ಶನಿವಾರವೂ ಹೊಲದಲ್ಲಿ ಕೆಲಸ. ಆದ್ದರಿಂದ ಒತೀಲಿಯಾಳೂ ಅವಳ ಜೊತೆಯವರೂ ಯಾರೂ ಇರಲಿಲ್ಲ. ಹೊಲಕ್ಕೆ ಬೇಡವಾದ ಮುದುಕರು, ಮುದುಕಿಯರು, ಬೆನ್ನಿಗೆ ಮಗು ಕಟ್ಟಿಕೊಂಡ ಬಾಣಂತಿಯರು, ಇಷ್ಟೇ. ಗುದ್ದಲಿ, ಪೊರಕೆ, ಬಕೆಟ್ಟು, ಒಂದು ದೊಡ್ಡ ಪಾತ್ರೆ ಹುರುಳಿ ತಗೊಂಡು ಹೋದೆವು. ರೂಬೆನ್ ನಮ್ಮನ್ನು ನೋಡಿ ಫೋನು ತೆಗೆದು ಚಿತ್ರ ಹಿಡಿದ. ಗುದ್ದಲಿ ಹಿಡಿಯಲಿಲ್ಲ.

"ಇವ್ನೆಂಥಾ ಯಜಮಾನ?" ಎಂದಳು ಬ್ರಾಉಲಿಯಾ. "ಅಂಗಿ ಇಸ್ತ್ರಿ ಮಾಡಿಸ್ಕೊಂಡು ತೆಕಿಯೊಗೆ ಬಂದವ್ನೆ."

"ಇಲ್ಲಿನ ಪದ್ಧತಿ ಇರಬೋದು, ಸುಮ್ನಿರು," ಎಂದೆ.

ಒಂದು ಕೋಣೆ ತೋರಿಸಿದರು. ಒಳಗಿನ ಮೇಜು ಕುರ್ಚಿಗಳನ್ನು ಹೊರಗೆ ಹೊತ್ತೆವು. ಗೋಡೆಗೆ ಹೊಡೆದಿದ್ದ ಕರಿಹಲಗೆ ಬಿಚ್ಚಿದೆವು. ಹಾಸುಗಂಬಳಿ ಕಿತ್ತೆವು. ಅದರಡಿಯ ಅಂಟನ್ನು ಮುದುಕಿಯರು ಮೊಣಕಾಲೂರಿ ಚಾಕುವಿನಲ್ಲಿ ಕೆರೆದರು. ಗೋಡೆಗೆ ಹಳದಿ ಬಣ್ಣ ಬಳಿದೆವು. ನನ್ನ ಪಾಲಿಗೆ ಮೇಜು ಬಂದವು. ಅಂಗಳದ ಆಚೆ ಒಂದು ಶೆಡ್ಡು. ಬೆನ್ನು ಮೊದಲೇ ಬಾಗಿದ್ದರಿಂದ ಮೇಜು ಹೊರಲು ಅನುಕೂಲವಾಯಿತು. ಸಂಜೆಯವರೆಗೆ ಹೊತ್ತೆ. ಪ್ರತಿ ಮೇಜಿಗೂ ಎರ್ಮೆಲಿಂದಾಳ ಹೆಸರಿನಲ್ಲಿ ಒಂದೊಂದು ಜಪ ಹೇಳಿಕೊಂಡೆ. ಒಳ್ಳೆಯ ಕೆಲಸ ಮಾಡುವಾಗ ಹಾಗೆ ಹೇಳಿಕೊಳ್ಳುವುದು ನನ್ನ ಅಭ್ಯಾಸ.

ಬಾಗಿಲಿನ ಮೇಲೆ ಹದಿನಾಲ್ಕು ಎಂದು ಬರೆದಿತ್ತು. ಬ್ರಾಉಲಿಯಾ ಅದರ ಮೇಲೂ ಬಣ್ಣ ಬಳಿದಳು. ಅವಳಿಗೆ ಓದು ಬರುವುದಿಲ್ಲ. ನನಗೂ ಬರುವುದಿಲ್ಲ. ಮಗಳನ್ನು ನಾನು ಯಾವಾಗಲೂ ರಸ್ತೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದೆ. ಅವಳು ಕೂರುವ ಕೋಣೆ ನೋಡಿರಲಿಲ್ಲ.

ಸೋಮವಾರ ಸಂಜೆ ಏಳಕ್ಕೆ ಮುಂಚೆಯೇ ಒತೀಲಿಯಾ ಮನೆಗೆ ಬಂದಳು.

"ಇಷ್ಟು ಬೇಗ?"

"ಕ್ಲಾಸಿಲ್ಲ."

"ಟೀಚರಿಗೆ ಹುಷಾರಿಲ್ವಾ?"

"ಟೀಚರಿಗೆ ಕೆಲಸಾನೇ ಇಲ್ಲ. ಕ್ಲಾಸೇ ಮುಚ್ಚಿದಾರೆ. ಕೋಣೆ ಬೇರೇದಕ್ಕೆ ಬೇಕಂತೆ. ಖಾಲಿ ಮಾಡ್ಸಿದಾರೆ."

"ಯಾರು ಖಾಲಿ ಮಾಡಿದ್ರು?"

ಒತೀಲಿಯಾ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ. ಅವಳು ಒಲೆ ಹಚ್ಚಿದಳು. ನಾನು ಊಟ ಮಾಡಲಿಲ್ಲ.

ಮಾರನೆಯ ದಿನ ಒತೀಲಿಯಾ ಹೊಲದಿಂದ ಬಂದ ಕೂಡಲೇ ಅಪ್ಪ ಮಗಳು ರೂಬೆನ್ ಬಳಿಗೆ ಹೋದೆವು. ಅವನು ಎದ್ದು ನಿಂತು ಕೈ ಕುಲುಕಿದ. ಒತೀಲಿಯಾ ಕೇಳಿದಳು. ಅವನು ಹೇಳಿದ್ದನ್ನೆಲ್ಲ ನನಗೆ ತಿರುಗಿಸಿ ಹೇಳಿದಳು.

"ನೋಡಮ್ಮ, ನಿಮ್ಮ ತರಗತೀಲಿ ಇರೋದು ಹನ್ನೊಂದು ಜನ. ಕೇಂದ್ರಕ್ಕೆ ಬರೋರು ಸಾವಿರ ಜನ. ಅಲ್ಲಿ ಸೋಫಾ ಇರುತ್ತೆ, ಕಾಫಿ ಇರುತ್ತೆ, ಮನಸ್ಸಿಗೆ ಬೇಜಾರಾದ್ರೆ ಮಾತಾಡೋಕೆ ಜನ ಇರ್ತಾರೆ."

"ನಮಗೆ ಬೇಜಾರಾಗಿರೋದು ಕ್ಲಾಸು ಮುಚ್ಚಿದ್ದಕ್ಕೆ."

"ಅದನ್ನೇ ಬಂದು ಹೇಳ್ಕೋಬೋದು. ಕೇಂದ್ರ ಇರೋದೇ ಅದಕ್ಕೆ."

"ಬೇರೆ ಕೋಣೆ ಕೊಡಿ."

"ಎಲ್ಲಾ ತುಂಬಿದೆ. ಅಲ್ಲದೆ..." ರೂಬೆನ್ ದನಿ ತಗ್ಗಿಸಿದ. "ನಿಜ ಹೇಳ್ಲಾ? ಆ ಭಾಷೆಗೆ ಯಾಕಮ್ಮ ಇಷ್ಟು ಕಷ್ಟಪಡ್ತೀಯ? ನಿಮ್ಮವ್ರಿಗೇ ಸ್ಪ್ಯಾನಿಷ್ ಕಲಿಯೋಕೆ ಹೇಳು. ಸಲೀಸು."

ಒತೀಲಿಯಾ ಅದನ್ನೂ ತಿರುಗಿಸಿ ಹೇಳಿದಳು. ನಾನು ರೂಬೆನ್‌ಗೆ ಸೀ ಎಂದೆ. ನನಗೆ ಬರುವುದು ಅಷ್ಟೇ. ಹೊರಗೆ ಬಂದು ಅಂಗಳದಲ್ಲಿ ಉಗಿದೆ.

ಆ ರಾತ್ರಿ ಬ್ರಾಉಲಿಯಾ ಬಂದಳು. ನಾನು ಹೇಳಿದ್ದನ್ನು ಕೇಳಿದಳು. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಮೊಣಕಾಲು ನೀವಿಕೊಂಡಳು. ಅಂಟು ಕೆರೆದ ದಿನದಿಂದ ಎರಡೂ ಊದಿದ್ದವು.

"ತೆಕಿಯೊ ಮಾಡಿದ್ವಾ ಇಲ್ವಾ?" ಎಂದಳು.

"ಮಾಡಿದ್ವಿ."

"ಹಾಗಾದ್ರೆ ಸಭೆ ಕರೀಲೇಬೇಕು. ಯಾವಾಗ ಕರ್ದಿದಾರೆ?"

ಒತೀಲಿಯಾ ನಕ್ಕಳು. ಅಕ್ಕ ಸತ್ತ ಮೇಲೆ ಅವಳು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. "ಸಭೆ ಇಲ್ಲ ದೊಡ್ಡಮ್ಮ. ಶುಕ್ರವಾರ ಸಾಯಂಕಾಲ ಐದಕ್ಕೆ ಉದ್ಘಾಟನೆ ಇದೆ. ದೊಡ್ಡವರು ಬರ್ತಾರೆ, ಭಾಷಣ ಮಾಡ್ತಾರೆ, ಕೇಕು ಕೊಡ್ತಾರೆ. ನಿಮ್ಮನ್ನೂ ಕರ್ದಿದಾರೆ, ಫೋಟೋಗೆ."

"ದೊಡ್ಡವ್ರು ಬರ್ತಾರೆ, ಮಾತಾಡ್ತಾರೆ, ತಿನ್ನೋಕೆ ಕೊಡ್ತಾರೆ. ಇದಕ್ಕೇ ಕಣೇ ಸಭೆ ಅನ್ನೋದು," ಎಂದಳು ಬ್ರಾಉಲಿಯಾ. "ಎಲ್ಲಾರೂ ಹೋಗೋಣ."

ಒತೀಲಿಯಾ ಅವಳನ್ನು ತಿದ್ದಲಿಲ್ಲ.

ಶುಕ್ರವಾರ ಐದು ಗಂಟೆಗೆ ನಾವೆಲ್ಲ ಹೋದೆವು. ಹೆಂಗಸರು ಗುಡಿಗೆ ಹೋಗುವಾಗಿನ ಶಾಲು ಹೊದ್ದಿದ್ದರು. ಹೊಲದಿಂದ ಬಂದ ಹನ್ನೊಂದು ಮಂದಿ ವಿದ್ಯಾರ್ಥಿಗಳು ಕೆಸರು ಬೂಟಿನಲ್ಲೇ ಇದ್ದರು. ಹಾಸುಗಂಬಳಿ ಇಲ್ಲದ್ದರಿಂದ ನೀಲಿ ಚೀಲದ ಡಬ್ಬಿಯೂ ಇರಲಿಲ್ಲ. ಒಳಗೆ ಸೋಫಾ ಹಾಕಿದ್ದರು. ಗೋಡೆಯ ಮೇಲೆ ನಾನಾ ಬಣ್ಣದ ಕೈಗಳ ಒಂದು ದೊಡ್ಡ ಚಿತ್ರ. ಕೈಗಳು ತುಂಬ ಶುಭ್ರವಾಗಿದ್ದವು. ಮೂಲೆಯಲ್ಲಿ ನೊಏಮಿ ಟೀಚರು ನಿಂತಿದ್ದರು. ಒತೀಲಿಯಾ ಅವರನ್ನು ಕರೆದಿದ್ದಳು. ಪುಸ್ತಕದ ಚೀಲ ಹೆಗಲಲ್ಲಿತ್ತು.

ಕಾಲೇಜಿನ ನಿರ್ದೇಶಕಿ ಮಿಸ್ ವಾರ್ಡಲ್ ಎಂಬವರು. ಎತ್ತರದ ಹೆಂಗಸು, ಬೆಳ್ಳಿಕೂದಲು, ಬಹಳ ಮೆತ್ತನೆಯ ದನಿ. ಅವರು ನಮ್ಮೆಲ್ಲರನ್ನೂ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಒತೀಲಿಯಾಳನ್ನು ಹತ್ತಿರ ಕರೆದರು. ಇಂಗ್ಲಿಷ್‌ನಲ್ಲಿ ನಡೆದ ಮಾತನ್ನು ನಾನು ಇಲ್ಲಿ ಬರೆಸುತ್ತಿರುವುದು ಒತೀಲಿಯಾ ಅಲ್ಲೇ, ಆಗಲೇ, ಎಲ್ಲರಿಗೂ ಕೇಳುವಂತೆ ನಮ್ಮ ಭಾಷೆಯಲ್ಲಿ ಹೇಳಿದಂತೆ.

"ನೀನು ತುಂಬಾ ಚೆನ್ನಾಗಿ ಮಾತಾಡ್ತೀಯ. ನಾನು ಹೇಳೋದನ್ನ ನಿಮ್ಮವರಿಗೆ ತಿಳಿಸ್ತೀಯಾ?"

"ತಿಳಿಸ್ತೀನಿ. ಅವರು ಹೇಳೋದನ್ನೂ ನಿಮಗೆ ತಿಳಿಸ್ತೀನಿ. ಯಾರು ಏನು ಹೇಳಿದ್ರೂ ಪೂರ್ತಿ ಹೇಳ್ತೀನಿ. ಕೂಡಿಸಲ್ಲ, ಬಿಡಲ್ಲ."

"ಎಷ್ಟು ಚೆಂದ!" ಎಂದರು ಮಿಸ್ ವಾರ್ಡಲ್.

ಅವರು ಭಾಷಣ ಮಾಡಿದರು. ನೀವು ನಮ್ಮ ಕಾಲೇಜಿನ ಹೃದಯ ಎಂದರು. ನಿಮ್ಮ ಕೈಗಳಿಂದಲೇ ಈ ಕೋಣೆ ಎದ್ದಿದೆ ಎಂದರು. ಒತೀಲಿಯಾ ಎಲ್ಲವನ್ನೂ ಹೇಳಿದಳು. ದೊಡ್ಡ ಕತ್ತರಿ ತಂದರು. ಅಷ್ಟರಲ್ಲಿ ಬ್ರಾಉಲಿಯಾ ನನ್ನ ಪಕ್ಕೆಗೆ ತಿವಿದಳು.

"ಅವ್ರದ್ದು ಆಯ್ತು. ಈಗ ನಮ್ಮ ಸರದಿ. ಮೇಜು ಹೊತ್ತವ್ನು ನೀನು, ನೀನೇ ಶುರು ಮಾಡು."

ನಾನು ಟೋಪಿ ತೆಗೆದು ಮುಂದೆ ಹೋದೆ. ಊರ ಸಭೆಯಲ್ಲಿ ಮಾತಾಡುವ ಕ್ರಮ ಹಾಗೆ.

"ನನ್ನ ಹೆಸರು ಮಾಕಾರಿಯೊ. ಯುಕುಂಡೋದವನು. ತೆಕಿಯೊ ಮಾಡಿದೀನಿ, ಅದಕ್ಕೆ ಮಾತಾಡ್ತೀನಿ. ನನ್ನ ಒಬ್ಬ ಮಗಳು ಮಾತು ತಿಳಿಯೋರಿಲ್ದೆ ಸತ್ತಳು. ಇನ್ನೊಬ್ಬಳು ಇನ್ನು ಯಾರೂ ಹಾಗೆ ಸಾಯಬಾರ್ದು ಅಂತ ಈ ಕೋಣೇಲಿ ಓದ್ತಿದ್ದಳು. ನೀವು ನಮಗೆ ಸುಳ್ಳು ಹೇಳಿ ನಮ್ಮ ಕೈಯಿಂದಲೇ ನಮ್ಮ ಮಕ್ಕಳ ಮೇಜು ಹೊರಗೆ ಹಾಕಿಸಿದ್ರಿ. ಯುಕುಂಡೋದಲ್ಲಿ ಯಜಮಾನ ಹೀಗೆ ಮಾಡಿದ್ರೆ ಅವನನ್ನ ಊರ ಕೊಟ್ಟಡಿಗೆ ಹಾಕಿ ಚಿಲಕ ಹಾಕ್ತೀವಿ. ಬುದ್ಧಿ ಬಂದ ಮೇಲೆ ಬಿಡ್ತೀವಿ."

ಒತೀಲಿಯಾ ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದಳು. 'ನನ್ನ ಒಬ್ಬ ಮಗಳು ಸತ್ತಳು' ಎಂದೇ ಹೇಳಿದಳು. 'ನನ್ನ ಅಕ್ಕ' ಎನ್ನಲಿಲ್ಲ. ಚಿಲಕದ ಮಾತನ್ನೂ ಬಿಡಲಿಲ್ಲ. ಫೋಟೋದವನು ಕ್ಯಾಮೆರಾ ಇಳಿಸಿದ.

"ಅವರಿಗೆ ದುಃಖ ಆಗಿದೆ," ಎಂದರು ಮಿಸ್ ವಾರ್ಡಲ್. "ಇದು ಅದಕ್ಕೆ ಸಮಯ ಅಲ್ಲ ಅಂತ ಸ್ವಲ್ಪ ನಯವಾಗಿ ಹೇಳು."

ಒತೀಲಿಯಾ ನನ್ನ ಕಡೆ ತಿರುಗಿದಳು. "ಅವರಿಗೆ ದುಃಖ ಆಗಿದೆ. ಇದು ಅದಕ್ಕೆ ಸಮಯ ಅಲ್ಲ ಅಂತ ಸ್ವಲ್ಪ ನಯವಾಗಿ ಹೇಳು."

ಹಿಂದಿನಿಂದ ಯಾರೋ ಹೆಂಗಸು ಕಿಸಕ್ಕೆಂದು ನಕ್ಕಳು. ಬ್ರಾಉಲಿಯಾ ಕೈ ಸೊಂಟಕ್ಕಿಟ್ಟಳು.

"ಸಮಯ ಯಾವಾಗ ಅಂತ ಕೇಳೇ! ನನ್ನ ಮಂಡಿ ಕೆರೆದು ಹೋಗೋವರ್ಗೂ ಸಮಯ ಇತ್ತಲ್ಲ ಇವಳಿಗೆ, ಒಣಕಲು ಕೋಳಿ!"

ಒತೀಲಿಯಾ ಕಣ್ಣು ಮಿಟುಕಿಸದೆ ಇಂಗ್ಲಿಷ್‌ನಲ್ಲಿ ಒಪ್ಪಿಸಿದಳು. ಒಣಕಲು ಕೋಳಿಗೆ ಸರಿಯಾದ ಪದ ಹುಡುಕಲು ಅರೆಕ್ಷಣ ನಿಂತಳು. ಸಿಕ್ಕಿತು. ನೊಏಮಿ ಟೀಚರು ಮೂಲೆಯಿಂದ ತಲೆ ಆಡಿಸಿದರು.

ಮಿಸ್ ವಾರ್ಡಲ್ ಅವರ ಮುಖ ಕೆಂಪಾಯಿತು. ಅವರು ಒತೀಲಿಯಾಳ ಮೊಣಕೈ ಹಿಡಿದು ಕಿವಿಯ ಹತ್ತಿರ ಬಗ್ಗಿದರು. ಒತೀಲಿಯಾ ಕೇಳಿಸಿಕೊಂಡಳು, ತಲೆ ಎತ್ತಿದಳು, ಇಡೀ ಕೋಣೆಗೆ ಕೇಳುವಂತೆ ನಮ್ಮ ಭಾಷೆಯಲ್ಲಿ ಹೇಳಿದಳು.

"ನೋಡು ಮಗೂ, ಈ ಜನ ಈಗ ಹೊರಗೆ ಹೋಗದಿದ್ರೆ ನಾನು ಪೊಲೀಸರನ್ನ ಕರೀಬೇಕಾಗುತ್ತೆ. ಇವರಲ್ಲಿ ಎಷ್ಟು ಜನಕ್ಕೆ ಕಾಗದ ಇಲ್ಲ ಅಂತ ನಿನಗೆ ಗೊತ್ತು. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಒಂದು ಮಗು ಅತ್ತಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು.

"ಅದನ್ನ ನಿನಗೊಬ್ಬಳಿಗೆ ಹೇಳಿದ್ದು!" ಎಂದು ಮಿಸ್ ವಾರ್ಡಲ್ ಕೂಗಿದರು.

"ಅದನ್ನ ನಿನಗೊಬ್ಬಳಿಗೆ ಹೇಳಿದ್ದು," ಎಂದಳು ಒತೀಲಿಯಾ, ನಮಗೆ.

ರೂಬೆನ್ ಗೋಡೆ ನೋಡುತ್ತಿದ್ದ. ಕೆಲವರು ಹೊರಟರು. ಕಾಗದ ಇಲ್ಲದವರು, ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರು. ನಾನು ಅವರನ್ನು ತಪ್ಪು ಎನ್ನುವುದಿಲ್ಲ. ನನ್ನ ಕಾಲುಗಳೂ ಬಾಗಿಲ ಕಡೆಗೇ ಇದ್ದವು. ಬ್ರಾಉಲಿಯಾ ಮಾತ್ರ ಹೊಸ ಸೋಫಾದ ಮೇಲೆ ಕೂತಳು. "ಪೊಲೀಸ್ ಬರೋವರ್ಗೂ ನನ್ನ ಮಂಡಿಗೆ ನಿಲ್ಲೋಕಾಗಲ್ಲ," ಎಂದಳು. ಅವಳ ಪಕ್ಕದಲ್ಲಿ ಇನ್ನಿಬ್ಬರು ಮುದುಕಿಯರು ಕೂತರು. ಉಳಿದವರು ನೆಲದ ಮೇಲೆ ಕೂತರು. ನಾವೇ ಕೆರೆದ ನೆಲ.

ಮಿಸ್ ವಾರ್ಡಲ್ ಉಸಿರು ಬಿಟ್ಟರು. ದನಿ ಮತ್ತೆ ಮೆತ್ತಗಾಯಿತು. ಈ ಸಲ ಅವರು ಪಿಸುಗುಟ್ಟಲಿಲ್ಲ, ಪಿಸುಗುಟ್ಟಿ ಪ್ರಯೋಜನವಿಲ್ಲ ಎಂದು ಅವರಿಗೆ ತಿಳಿದಿತ್ತು. ಒತೀಲಿಯಾ ಅವರ ಮಾತನ್ನು ವಾಕ್ಯಕ್ಕೆ ವಾಕ್ಯ ಹೇಳುತ್ತಾ ಹೋದಳು.

"ಒತೀಲಿಯಾ, ನೀನು ಜಾಣೆ. ನಗರದ ಕಾಲೇಜಿನಲ್ಲಿ ಇದೇ ತರಗತಿ ಹಗಲು ಹೊತ್ತು ಇದೆ. ಅಲ್ಲಿ ನನಗೆ ಗೊತ್ತಿರೋರಿದಾರೆ. ನಿನಗೊಂದು ಜಾಗ ಕೊಡಿಸ್ತೀನಿ. ಶುಲ್ಕ, ಬಸ್ಸು, ಪುಸ್ತಕ, ಎಲ್ಲಾ ನಾವು ನೋಡ್ಕೋತೀವಿ. ಬೇಸಿಗೆಗೆ ನಿನ್ನ ಕೈಯಲ್ಲಿ ಅರ್ಹತಾ ಪತ್ರ ಇರುತ್ತೆ. ಒಂದೇ ಜಾಗ ಇರೋದು, ಅದು ನಿನಗೆ. ಇವರನ್ನ ಈಗ ಮನೆಗೆ ಕರ್ಕೊಂಡು ಹೋಗು. ಅಷ್ಟು ಮಾಡು."

'ಅದು ನಿನಗೆ' ಎಂದು ಅವಳು ತನ್ನ ಬಾಯಿಂದಲೇ ಹೇಳಿದಳು. ಕೆಸರು ಬೂಟಿನ ಉಳಿದ ಹತ್ತು ಮಂದಿ ನೆಲ ನೋಡುತ್ತಿದ್ದರು.

ನಾನು ಏನನ್ನೂ ಮುಚ್ಚಿಡುವುದಿಲ್ಲ. ಒಪ್ಪಿಕೋ ಮಗಳೇ ಎಂದು ನನ್ನ ಗಂಟಲವರೆಗೆ ಬಂತು. ಹಗಲು ಹೊತ್ತು ಓದಬಹುದು. ಹೊಲಕ್ಕೆ ನಾನು ಹೋಗುತ್ತೇನೆ, ಮಡಿಸಿಕೊಂಡ ಬೆನ್ನನ್ನು ಬಿಚ್ಚದೆಯೇ ಇರುತ್ತೇನೆ. ಬೇಸಿಗೆಗೆ ಅವಳು ಆಸ್ಪತ್ರೆಯಲ್ಲಿರುತ್ತಾಳೆ. ಎಲ್ಲವೂ ನಾನು ರಾತ್ರಿ ರಾತ್ರಿ ಬೇಡಿಕೊಂಡದ್ದೇ. ಸಂತ ಹೆರೋನಿಮೊ ಕೊಟ್ಟೇಬಿಟ್ಟ ಎಂದುಕೊಂಡೆ. ಒಬ್ಬಳಿಗೆ ಕೊಟ್ಟ. ನಾನು ಬೇಡಿಕೊಂಡದ್ದೂ ಒಬ್ಬಳಿಗೇ ಅಲ್ಲವೇ?

ಒತೀಲಿಯಾ ನನ್ನ ಕಡೆ ನೋಡಲಿಲ್ಲ. ಬಲಗೈ ಮೇಲೆತ್ತಿದಳು.

"ಈಗ ದುಭಾಷಿ ಮಾತಾಡ್ತಾಳೆ," ಎಂದಳು. ದುಭಾಷಿ ತನ್ನ ಸ್ವಂತ ಮಾತು ಆಡಬೇಕಾದರೆ ಹಾಗೆ ಕೈ ಎತ್ತಿ, ಎರಡು ಕಡೆಯವರಿಗೂ ತಿಳಿಸಿ ಆಡಬೇಕು. ಅದೂ ಅವರ ತರಗತಿಯ ಕಟ್ಟಳೆಯಂತೆ.

ಆಮೇಲೆ "ಬೇಡ" ಎಂದಳು. ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಅವರ ಭಾಷೆಯಲ್ಲಿ. ರೂಬೆನ್ ಅಲ್ಲೇ ಇದ್ದನಲ್ಲ, ಅವನಿಗಾಗಿ ಸ್ಪ್ಯಾನಿಷ್‌ನಲ್ಲೂ ಹೇಳಿದಳು. ಕೈ ಇಳಿಸಿದಳು.

ಮುಂಗೋಪದ ಹುಡುಗಿ ಎಂದು ಬೈದುಕೊಂಡೆ. ಬೈದುಕೊಂಡೇ ನೆಲದ ಮೇಲೆ ಕೂತೆ.

ಮಿಸ್ ವಾರ್ಡಲ್ ಫೋನು ಹಿಡಿದು ಹೊರಗೆ ಹೋದರು. ರೂಬೆನ್ ಬಾಗಿಲಲ್ಲಿ ನಿಂತ, ಒಳಗೂ ಅಲ್ಲ ಹೊರಗೂ ಅಲ್ಲ. ಕೇಕು ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ಗೋಡೆಯ ಗಡಿಯಾರದಲ್ಲಿ ಆರು ಗಂಟೆಯಾಯಿತು. ನೊಏಮಿ ಟೀಚರು ಮೂಲೆಯಿಂದ ನಡುವಿಗೆ ಬಂದರು. ಹೆಗಲ ಚೀಲ ಇಳಿಸಿದರು. ಬಾಗಿಲ ಕಡೆ ಒಮ್ಮೆ ನೋಡಿದರು. ಅವರಿಗೂ ಮಕ್ಕಳಿದ್ದಾರೆ.

"ಪಾಠ ಎಲ್ಲಿಗೆ ನಿಂತಿತ್ತು?" ಎಂದು ಕೇಳಿದರು.

"ಎದೆನೋವು," ಎಂದ ಒಬ್ಬ ಹುಡುಗ.

"ಸರಿ. ಒಬ್ಬರು ಡಾಕ್ಟರಾಗಿ. ಒತೀಲಿಯಾ ದುಭಾಷಿ. ರೋಗಿ ಯಾರಾಗ್ತೀರಿ?"

ಹನ್ನೊಂದು ಮಂದಿಯಲ್ಲಿ ಯಾರೋ ಏಳುವಷ್ಟರಲ್ಲಿ ನಾನು ಕೈ ಎತ್ತಿದೆ.

ನನ್ನನ್ನು ನಡುವೆ ಕೂರಿಸಿದರು. ಡಾಕ್ಟರಾದ ಹುಡುಗಿ ನನ್ನ ಎದುರು ಮೊಣಕಾಲೂರಿ ಇಂಗ್ಲಿಷ್‌ನಲ್ಲಿ ಏನೋ ಕೇಳಿದಳು. ಒತೀಲಿಯಾ ನನ್ನ ಹೆಗಲ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದಳು. ದುಭಾಷಿ ನಿಲ್ಲಬೇಕಾದ ಜಾಗ ಅದೇ ಇರಬೇಕು.

"ನೋವು ಎಲ್ಲಿದೆ, ಯಾವಾಗಿನಿಂದ ಇದೆ?" ಎಂದು ನಮ್ಮ ಭಾಷೆಯಲ್ಲಿ ಕೇಳಿದಳು.

ಹೊರಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಒಂದು ಬಾಗಿಲು ಹಾಕಿಕೊಂಡಿತು. ಇನ್ನೊಂದು ಬಾಗಿಲು ಹಾಕಿಕೊಂಡಿತು.

ನಾನು ಎದೆಯ ಮೇಲೆ ಕೈ ಇಟ್ಟು ತೋರಿಸಿ, ಹೇಳತೊಡಗಿದೆ.